ಆರ್ವಿ ಹಾಕಿದ ಬೀಗಗಳು

ಫೆಬ್ರವರಿಯ ಒಂದು ಬೆಳಗ್ಗೆ ಆರ್ವಿ ಕೊಸ್ಕಿಯನ್ನು ಮಂಚದಿಂದ ಕುರ್ಚಿಗೆ ಸಾಗಿಸುವಾಗ ಎತ್ತುಯಂತ್ರದ ಗಾಲಿ ನೆಲದ ಮೇಲಿದ್ದ ಒಂದು ವೈರಿನ ಮೇಲೆ ಹಾದುಹೋಯಿತು. ಯಂತ್ರ ತಳ್ಳುತ್ತಿದ್ದವಳು ಅವನ ಹೆಂಡತಿ ಡೋರೀನ್. ಏನೋ ನುರಿದ ಸದ್ದು ಅವಳಿಗೂ ಕೇಳಿಸಿತು. ಆದರೆ ಅದೇ ಹೊತ್ತಿಗೆ ಗಂಡನ ತಲೆ ಪಕ್ಕಕ್ಕೆ ವಾಲಿದ್ದರಿಂದ ಅದನ್ನು ಆನಿಸಿಕೊಳ್ಳುವುದರಲ್ಲೇ ಅವಳ ಗಮನವೆಲ್ಲ ಹೋಯಿತು. ಅವನನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ಕತ್ತಿನ ದಿಂಬು ಸರಿಪಡಿಸಿ, ತನ್ನ ಕಾಫಿ ತಂದುಕೊಂಡು ಪಕ್ಕದಲ್ಲಿ ಕೂತಮೇಲೆ ನೋಡಿದರೆ, ತೆರೆಯ ಕೆಳಗಿದ್ದ ಕ್ಯಾಮೆರಾದ ದೀಪ ಆರಿತ್ತು.

ಆ ಕ್ಯಾಮೆರಾ ಹೋದರೆ ಆರ್ವಿಯ ಮಾತು ಹೋದಂತೆಯೇ. ಕಾಯಿಲೆ ಮೊದಲು ಅವನ ಬಲಗೈ ತಿಂದಿತ್ತು, ಆಮೇಲೆ ಕಾಲು, ಆಮೇಲೆ ನಾಲಿಗೆ. ಉಳಿದದ್ದು ಕಣ್ಣು. ತೆರೆಯ ಮೇಲಿನ ಅಕ್ಷರಗಳನ್ನು ಅವನು ಒಂದೊಂದಾಗಿ ದಿಟ್ಟಿಸಿದರೆ ಕ್ಯಾಮೆರಾ ಆ ನೋಟವನ್ನು ಹಿಡಿಯುತ್ತಿತ್ತು. ಮಾತಿನ ಪ್ರೋಗ್ರಾಂ ಅದನ್ನು ಅವನದೇ ದನಿಯಲ್ಲಿ ಓದಿ ಹೇಳುತ್ತಿತ್ತು. ನಾಲಿಗೆ ಇನ್ನೂ ಹೊರಳುತ್ತಿದ್ದ ಕಾಲದಲ್ಲಿ ಒಂದು ಚಳಿಗಾಲವಿಡೀ ನೆಲಮಾಳಿಗೆಯಲ್ಲಿ ಕೂತು, ಮೈಕಿನ ಮುಂದೆ ವಾಕ್ಯದ ಮೇಲೆ ವಾಕ್ಯ ಓದಿ, ಅವನು ಆ ದನಿಯನ್ನು ಕೂಡಿಟ್ಟುಕೊಂಡಿದ್ದ. ಕಂಪ್ಯೂಟರೂ ಅವನ ಕೈಯದೇ. ಒಳಗೆಲ್ಲ ತೆರೆದು ನೋಡಬಹುದಾದ ಲಿನಕ್ಸ್ ವ್ಯವಸ್ಥೆ ಹಾಕಿ, ಒಂದೊಂದು ತಿರುಪನ್ನೂ ತಾನೇ ಬಿಗಿದದ್ದು. ಕ್ಲಿನಿಕ್‌ನಲ್ಲಿ ಮಾತು ಹೋದವರಿಗೆ ದಾರಿ ತೋರಿಸುವ ಕೆಲಸದ ಮಾರ್ಗೋ ಎಂಬಾಕೆ ಸಿದ್ಧ ಯಂತ್ರವೊಂದನ್ನು ಎರವಲು ಕೊಡುತ್ತೇನೆ ಎಂದಾಗ ಆರ್ವಿ ಬೇಡವೆಂದಿದ್ದ. ಒಳಗೆ ಏನು ನಡೆಯುತ್ತದೆಂದು ತನಗೆ ನೋಡಲು ಬಿಡದ ಯಂತ್ರದ ಮೂಲಕ ತಾನು ಮಾತಾಡುವುದಿಲ್ಲ ಎಂಬುದು ಅವನ ಹಟ.

ಹೊಸ ಕ್ಯಾಮೆರಾ ವಿನಿಪೆಗ್‌ನಿಂದ ಬರುವಷ್ಟರಲ್ಲಿ ಎರಡು ಸಲ ಹಿಮ ಬಿದ್ದು, ಎರಡು ಸಲ ದಾರಿಯ ಹಿಮ ಗೋರಿದ್ದಾಗಿತ್ತು. ಅದೇ ಕಂಪನಿ, ಅದೇ ಮಾದರಿ. ಡೋರೀನ್ ಪೆಟ್ಟಿಗೆ ಬಿಚ್ಚಿ, ಹಳೆಯದನ್ನು ಕಿತ್ತ ಕಿಂಡಿಗೇ ಹೊಸದನ್ನು ಚುಚ್ಚಿದಳು. ದೀಪ ಬರಲಿಲ್ಲ. ಕಿತ್ತು ಮತ್ತೆ ಚುಚ್ಚಿದಳು. ಕಂಪ್ಯೂಟರನ್ನು ಆರಿಸಿ ಹೊತ್ತಿಸಿದಳು. ಶಾಲೆಯ ಬಸ್ಸು ಓಡಿಸುತ್ತಿದ್ದವಳು ಅವಳು. ಮೈನಸ್ ಮೂವತ್ತು ಡಿಗ್ರಿ ಚಳಿಯಲ್ಲಿ ಕೆಮ್ಮುವ ಇಂಜಿನ್ನನ್ನು ಬೈದು ಹೊರಡಿಸಿದ ಅಭ್ಯಾಸವಿತ್ತು. ಇದು ಬೈಗುಳಕ್ಕೆ ಬಗ್ಗುವ ಜಾತಿಯಲ್ಲ.

“ಏನು ಮಾಡ್ಲಿ, ಹೇಳು,” ಎಂದು ಅಕ್ಷರದ ಹಲಗೆ ಎತ್ತಿಕೊಂಡಳು.

ಅದು ಮಾರ್ಗೋ ಕೊಟ್ಟಿದ್ದ ಪಾರದರ್ಶಕ ಪ್ಲಾಸ್ಟಿಕ್ ಹಲಗೆ. ಸಾಲು ಸಾಲಾಗಿ ಅಕ್ಷರಗಳು. ಡೋರೀನ್ ಸಾಲಿನ ಮೇಲೆ ಬೆರಳಿಟ್ಟು ಕೇಳಬೇಕು. ಆರ್ವಿ ಕಣ್ಣು ಮೇಲೆತ್ತಿದರೆ ಹೌದು, ರೆಪ್ಪೆ ಮುಚ್ಚಿದರೆ ಅಲ್ಲ. ಸಾಲು ಸಿಕ್ಕಮೇಲೆ ಒಂದೊಂದೇ ಅಕ್ಷರ. ಕಾಫಿ ತಣ್ಣಗಾಗುವಷ್ಟು ಹೊತ್ತಿನಲ್ಲಿ ಅವಳ ಕೈಗೆ ಬಂದ ಮಾತು ಇಷ್ಟು: ಬೀಗ ನನ್ನದೇ.

ಬೀಗವೆಂದರೆ ಏನೆಂದು ಅವಳಿಗೆ ಅರೆಬರೆ ಗೊತ್ತಿತ್ತು. ಆರ್ವಿ ಸರೋವರದ ಬಂದರಿನ ಗೋಧಿ ಕಣಜದಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವನು. ಅಲ್ಲಿ ಯಾರೋ ಒಮ್ಮೆ ಮನೆಯಿಂದ ತಂದ ಪೆನ್‌ಡ್ರೈವ್ ಚುಚ್ಚಿ, ಕಂಟ್ರೋಲ್ ರೂಮಿನ ಯಂತ್ರಗಳೆಲ್ಲ ಕೆಟ್ಟು, ಹಡಗುಗಳು ಹೊರಗೆ ಕಾಯುತ್ತ ನಿಂತಿದ್ದವು. ತಪ್ಪು ಅವನದಲ್ಲ, ಆದರೂ ಅಂದಿನಿಂದ ಅವನು ಮನೆಯ ಕಂಪ್ಯೂಟರಿಗೂ ಕಾವಲಿನ ಮೇಲೆ ಕಾವಲು ಕೂರಿಸಿದ. ತನಗೆ ಗುರುತಿಲ್ಲದ ಯಾವ ಸಾಮಾನನ್ನು ಚುಚ್ಚಿದರೂ ಒಳಗೆ ಬಿಡದ ಕಾವಲೊಂದು. ಪ್ರತಿ ಪ್ರೋಗ್ರಾಮನ್ನೂ ಅದರದೇ ಗೂಡಿನೊಳಗೆ ಕೂಡಿಹಾಕುವ ಏರ್ಪಾಡೊಂದು. ಯಾರು ಏನನ್ನು ಮುಟ್ಟಬಹುದೆಂಬ ನಿಯಮಗಳು ಬೇರೆ. ಹಳೆಯ ಕ್ಯಾಮೆರಾದ ನಂಬರು ಕಾವಲಿಗೆ ಗೊತ್ತಿತ್ತು. ಹೊಸದು ಅದರ ಪಾಲಿಗೆ ಹೊರಗಿನವನು.

ಶನಿವಾರ ಲಯನೆಲ್ ಥೆರಿಯೊ ಬಂದ. ರೈಲ್ವೆಯಲ್ಲಿ ಸಿಗ್ನಲ್ ನೋಡಿಕೊಳ್ಳುತ್ತಿದ್ದು ನಿವೃತ್ತನಾದವನು, ಆರ್ವಿಯ ಹಳೆಯ ಗೆಳೆಯ. ಚರ್ಚಿನ ನೆಲಮಾಳಿಗೆಯಲ್ಲಿ ತಿಂಗಳಿಗೊಮ್ಮೆ ಸೇರುತ್ತಿದ್ದ ಲಿನಕ್ಸ್ ಕೂಟದಲ್ಲಿ ಕೊನೆಯವರೆಗೆ ಉಳಿದದ್ದು ಇವರಿಬ್ಬರೇ, ಅದೂ ಜಗಳವಾಡಲಿಕ್ಕೆ. ಕೈಯಲ್ಲಿ ಬೇಕರಿಯ ಪೊಟ್ಟಣ. ಗುಲಾಬಿ ಸಕ್ಕರೆ ಬಳಿದ ಬನ್ನು. ಆರ್ವಿಗೆ ಈಗ ಊಟವೆಲ್ಲ ಹೊಟ್ಟೆಗಿಟ್ಟ ನಳಿಗೆಯಲ್ಲೇ ಎಂಬುದು ಬಾಗಿಲು ದಾಟಿದ ಮೇಲೆ ನೆನಪಾಗಿ, ಅವನು ಪೊಟ್ಟಣವನ್ನು ಬೂಟುಗಳ ಪಕ್ಕದಲ್ಲೇ ಇಟ್ಟ.

“ಬೀಗ ಜಡಿದು ಜಡಿದು ಕೊನೆಗೆ ನೀನೇ ಹೊರಗೆ ಉಳಿದ್ಯಲ್ಲೋ,” ಎಂದ ಕುರ್ಚಿ ಎಳೆದುಕೊಳ್ಳುತ್ತ. “ನಾನು ಆವತ್ತೇ ಹೇಳಿರಲಿಲ್ವಾ? ನಿನ್ನ ಕಂಪ್ಯೂಟರಿನೊಳಗೆ ಹೋಗೋಕೆ ನಿನಗೇ ವೀಸಾ ಬೇಕಾಗುತ್ತೆ ಅಂತ.”

ಆರ್ವಿಯ ಕಣ್ಣಂಚಿನಲ್ಲಿ ಏನೋ ಮಿನುಗಿತು. ಅವನು ನಗುವುದು ಈಗ ಹಾಗೆಯೇ ಎಂದು ಡೋರೀನ್‌ಗೆ ಗೊತ್ತಿತ್ತು. ಹಲಗೆ ಹಿಡಿದಳು. ಬಂದ ಉತ್ತರ: ನಿನ್ನ ಮನೆಗೆ ಬಾಗಿಲೇ ಇಲ್ಲ.

“ಇಲ್ಲ ಕಣೋ, ಇಲ್ಲ. ಅದಕ್ಕೇ ನನ್ನದು ಓಡ್ತಾ ಇದೆ,” ಎಂದು ಲಯನೆಲ್ ನಕ್ಕ. ಆಮೇಲೆ ದನಿ ತಗ್ಗಿಸಿ, “ನೋಡು, ಎಲ್ಲ ಅಳಿಸಿ ಹೊಸದಾಗಿ ಹಾಕಿಬಿಡ್ತೀನಿ. ಸಂಜೆಯೊಳಗೆ ಮಾತಾಡ್ತಿರ್ತೀಯ,” ಎಂದ.

ಆರ್ವಿ ರೆಪ್ಪೆ ಮುಚ್ಚಿದ.

“ಒಳಗೆ ನಿನ್ನ ದನಿ ಇದೆ ಅಂತಾನಾ? ಅದರ ನಕಲು ಮಾಡ್ಕೋತೀನಪ್ಪ.”

ಮತ್ತೆ ರೆಪ್ಪೆ ಮುಚ್ಚಿದ.

“ಕತ್ತೆಗೆ ಹುಟ್ಟಿದವನು,” ಎಂದ ಲಯನೆಲ್, ಡೋರೀನಳ ಕಡೆ ತಿರುಗಿ. “ಸರಿ. ಕಾವಲಿನವನನ್ನ ಎಬ್ಬಿಸಬೇಕು ಅಂದ್ರೆ ಪಾಸ್‌ವರ್ಡ್ ಬೇಕು. ನಿನಗೆ ಗೊತ್ತಾ?”

“ನನಗೆ ಯಾಕೆ ಹೇಳ್ತಾನೆ? ನನ್ನ ಹುಟ್ಟಿದಹಬ್ಬ ಅಂತೂ ಇರಲಾರದು, ಅದು ಅವನಿಗೆ ನೆನಪಿರಲ್ಲ.”

ಪಾಸ್‌ವರ್ಡ್ ಹೇಳಿಸಿಕೊಳ್ಳುವುದಕ್ಕೇ ಆ ಮಧ್ಯಾಹ್ನ ಹೋಯಿತು. ಅದು ಆರ್ವಿಯ ಅಜ್ಜ ಅಜ್ಜಿ ಹಡಗು ಹತ್ತಿ ಬಂದಾಗ ತಂದ ಫಿನ್ನಿಶ್ ಭಾಷೆಯ ಒಂದು ಉದ್ದನೆಯ ವಾಕ್ಯ. ಹಲಗೆಯಲ್ಲಿ ದೊಡ್ಡಕ್ಷರ ಸಣ್ಣಕ್ಷರದ ಭೇದವಿಲ್ಲ. ವಾಕ್ಯದ ಮಧ್ಯದ ಗೆರೆ, ಚುಕ್ಕೆ ಒಂದೂ ಇಲ್ಲ. ಡೋರೀನ್ ಅವನ್ನೆಲ್ಲ ಒಂದು ಹಾಳೆಯ ಮೇಲೆ ಬರೆದು ಹಲಗೆಯ ಕೆಳಗೆ ಅಂಟಿಸಿದಳು. ಬೆರಳಿಟ್ಟು ಬೆರಳಿಟ್ಟು ಕೂಡಿಸಿದರು. ಲಯನೆಲ್ ಒತ್ತಿದ. ತಪ್ಪು ಎಂದಿತು. ಮತ್ತೆ ಮೊದಲಿಂದ. ಮತ್ತೆ ತಪ್ಪು.

ಒಂದು ಅಕ್ಷರದ ಹತ್ತಿರ ಬಂದಾಗಲೆಲ್ಲ ಆರ್ವಿ ಕಣ್ಣು ಮೇಲೆತ್ತುತ್ತಿದ್ದ, ತಕ್ಷಣವೇ ರೆಪ್ಪೆ ಮುಚ್ಚುತ್ತಿದ್ದ. ಹೌದು, ಅಲ್ಲ. ಹೌದು, ಅಲ್ಲ.

“ಏನು ಹೇಳ್ತಿದಾನೆ ಇವನು? ಒಂದು ಕಡೆ ನಿಲ್ಲೋ ಮಾರಾಯ,” ಎಂದ ಲಯನೆಲ್.

ಡೋರೀನ್ ಗಂಡನ ಮುಖವನ್ನೇ ನೋಡುತ್ತ ಕೂತಳು. ಅತ್ತೆಯ ಸಮಾಧಿಯ ಕಲ್ಲಿನ ಮೇಲೆ ಕೆತ್ತಿದ ಹೆಸರಿನಲ್ಲಿ ಒಂದು ಅಕ್ಷರದ ನೆತ್ತಿಗೆ ಎರಡು ಚುಕ್ಕೆಗಳಿದ್ದವು. ಕೆತ್ತುವವನು ಮರೆತಿದ್ದನೆಂದು ಆರ್ವಿ ಅವನನ್ನು ವಾಪಸು ಕರೆಸಿ ಹಾಕಿಸಿದ್ದ. “ತಲೆ ಮೇಲೆ ಚುಕ್ಕೆ ಇರೋ ಫಿನ್ನಿಶ್ ಅಕ್ಷರಾನಾ?” ಎಂದು ಕೇಳಿದಳು.

ಕಣ್ಣು ಮೇಲಕ್ಕೆ ಹೋಗಿ ಅಲ್ಲೇ ನಿಂತಿತು.

ಕಂಪ್ಯೂಟರಿನ ಬಾಗಿಲು ತೆರೆಯಿತು. ಆಮೇಲಿನದು ಕಮ್ಯಾಂಡುಗಳ ಸರದಿ. ಲಯನೆಲ್‌ಗೆ ಒಂದಿಷ್ಟು ಬರುತ್ತಿತ್ತು, ಒಂದಿಷ್ಟು ಆರ್ವಿ ತನ್ನ ಇಷ್ಟದಂತೆ ಬರೆದಿಟ್ಟ ನಿಯಮಗಳಾದ್ದರಿಂದ ಅವನೇ ಹೇಳಬೇಕಿತ್ತು. ಓರೆಗೆರೆ, ಎರಡು ಅಡ್ಡಗೆರೆ, ಖಾಲಿ ಜಾಗ. ಡೋರೀನ್ ಗಟ್ಟಿಯಾಗಿ ಓದಿದಂತೆ ಲಯನೆಲ್ ಒತ್ತುತ್ತಿದ್ದ. ಕಂಪ್ಯೂಟರು ನಡೆದದ್ದನ್ನೆಲ್ಲ ಬರೆದಿಡುವ ಲಾಗ್ ತೆರೆದಾಗ ಒಂದೇ ಸಾಲು ಮತ್ತೆ ಮತ್ತೆ ಬಂದಿತ್ತು: ಗುರುತಿಲ್ಲದ ಸಾಧನ, ಪ್ರವೇಶ ನಿರಾಕರಿಸಲಾಗಿದೆ. ಡೋರೀನ್ ಪೆಟ್ಟಿಗೆ ಬಿಚ್ಚಿದಂದಿನಿಂದ ಅವಳು ಚುಚ್ಚಿದಷ್ಟು ಸಲವೂ ಅದು ಅವಳಿಗೆ ಇಲ್ಲವೆಂದು ಹೇಳಿ ಬರೆದಿಟ್ಟುಕೊಂಡಿತ್ತು.

ಹೊಸ ಕ್ಯಾಮೆರಾದ ನಂಬರನ್ನು ಒಳಗೆ ಬಿಡಬಹುದಾದವುಗಳ ಪಟ್ಟಿಗೆ ಸೇರಿಸಿದರು. ಕೆಂಪು ದೀಪ ಹೊತ್ತಿತು. ಲಯನೆಲ್ ಬಾಗಿಲ ಬಳಿಯಿದ್ದ ಪೊಟ್ಟಣ ತಂದು, ಡೋರೀನ್‌ಗೆ ಒಂದು ಬನ್ನು ಕೊಟ್ಟು, ಆರ್ವಿಗೆ ಬೆನ್ನು ಮಾಡಿ ತಾನೊಂದು ತಿಂದ.

ಆದರೆ ಮಾತಿನ ಪ್ರೋಗ್ರಾಂ ತೆರೆದರೆ, ಕ್ಯಾಮೆರಾ ಕಾಣುತ್ತಿಲ್ಲ ಎಂದಿತು. ಎದುರಿಗೇ ಕೆಂಪಗೆ ಉರಿಯುತ್ತಿದ್ದರೂ ಗೂಡಿನೊಳಗೆ ಕೂತ ಅದಕ್ಕೆ ಕಾಣುತ್ತಿರಲಿಲ್ಲ. ಅಷ್ಟರಲ್ಲಿ ಆರ್ವಿಗೆ ಸುಸ್ತಾಗಿತ್ತು. ಮುಂದಿನ ಶನಿವಾರ ಬರುತ್ತೇನೆಂದು ಲಯನೆಲ್ ಹೊರಟ.

ಮುಂದಿನ ಶನಿವಾರ ಸರೋವರದ ಕಡೆಯಿಂದ ಬಿರುಗಾಳಿ ಬೀಸಿ ಹೆದ್ದಾರಿ ಮುಚ್ಚಿತು. ಅದಾದ ಮೇಲೆ ಲಯನೆಲ್‌ಗೆ ಕೆಮ್ಮು. ಕೆಮ್ಮುವವರನ್ನು ಆರ್ವಿಯ ಹತ್ತಿರ ಬಿಡುವಂತಿರಲಿಲ್ಲ. ಡೋರೀನ್ ಮಾರ್ಗೋಗೆ ಫೋನ್ ಮಾಡಿ, ಆ ಎರವಲು ಯಂತ್ರವನ್ನಾದರೂ ಕೊಡಿ ಎಂದು ಕೇಳಿದಳು. ಆಗ ಬೇಡ ಎಂದಿದ್ದರಿಂದ ಹೆಸರು ಸರದಿಯ ಕೊನೆಗೆ ಹೋಗಿದೆ, ಆದರೂ ನೋಡುತ್ತೇನೆ ಎಂದಳು ಮಾರ್ಗೋ. ಆರ್ವಿ ಕೇಳಿಸಿಕೊಳ್ಳುತ್ತಿದ್ದ. ಡೋರೀನ್ ಅವನ ಕಡೆ ನೋಡಲಿಲ್ಲ.

ಕೆಲಸ ಅವರಿಬ್ಬರಿಗೇ ಬಿತ್ತು. ಬೆಳಗ್ಗೆ ಅವನ ಮೈ ಒರೆಸಿ, ನಳಿಗೆ ತೊಳೆದು, ಬೆಳಕು ಚೆನ್ನಾಗಿರುವ ಹೊತ್ತಿಗೆ ಕಂಪ್ಯೂಟರಿನ ಮುಂದೆ ಕೂರುತ್ತಿದ್ದರು. ಅವನು ಕಣ್ಣಲ್ಲಿ ಹೇಳುವುದು, ಅವಳು ಎರಡು ಬೆರಳಲ್ಲಿ ಒತ್ತುವುದು. ಒಂದು ಚುಕ್ಕೆ ತಪ್ಪಿದರೆ ಸಾಲೆಲ್ಲ ಹಾಳು. ಮೊದಮೊದಲು ತಪ್ಪಾದಾಗ ಅವಳು ನಗುತ್ತಿದ್ದಳು. ಆಮೇಲೆ ಸಿಡುಕಿದಳು. ಆಮೇಲೆ ಅದೂ ನಿಂತಿತು. ರಾತ್ರಿ ಸರಿಯಾಗಿ ನಿದ್ದೆ ಬಂತಾ, ಕಾಲು ನೋಯ್ತಿದೆಯಾ ಎಂದು ಕೇಳುವುದಕ್ಕೂ ಹಲಗೆ ಎತ್ತುವುದನ್ನು ಬಿಟ್ಟಳು. ಅವನ ಕಣ್ಣಿನ ಶಕ್ತಿಯನ್ನು ಅದಕ್ಕೆ ಖರ್ಚು ಮಾಡುವುದು ಬೇಡ, ಮೊದಲು ಇದು ಮುಗಿಯಲಿ, ಆಮೇಲೆ ಅವನೇ ತನ್ನ ದನಿಯಲ್ಲಿ ಹೇಳುತ್ತಾನೆ ಎಂದು.

“ಇದು ಸರಿಹೋದ ಮೇಲೆ ನಿನ್ನ ಹತ್ರ ಒಂದು ದಿನ ಪೂರ್ತಿ ಜಗಳ ಆಡ್ತೀನಿ, ನೋಡ್ತಿರು,” ಎಂದಳು ಒಮ್ಮೆ. ಅವನು ಕಣ್ಣು ಮೇಲೆತ್ತಿದ.

ಕೊನೆಗೆ ಒಂದು ಬೆಳಗ್ಗೆ, ಪ್ರೋಗ್ರಾಂಗಳ ಅನುಮತಿಗಳನ್ನು ತೋರಿಸುವ ಪುಟದಲ್ಲಿ, ಆರ್ವಿ ಹೇಳಿದ ಜಾಗದ ಗುಂಡಿಯನ್ನು ಅವಳು ಸರಿಸಿದಳು. ಮಾತಿನ ಪ್ರೋಗ್ರಾಂ ತೆರೆಯಿತು. ತೆರೆಯ ಮೇಲೆ ನೀಲಿ ಚುಕ್ಕೆಯೊಂದು ಮೂಡಿತು: ಆರ್ವಿಯ ನೋಟ. ಡೋರೀನ್ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು.

ಚುಕ್ಕೆ ಒಂದು ಕಡೆ ನಿಲ್ಲಲಿಲ್ಲ. ಒಂದು ಅಕ್ಷರದ ಮೇಲೆ ಕೂತಂತೆ ಮಾಡಿ ಜಾರುತ್ತಿತ್ತು, ಮೂಲೆಗೆ ಹಾರುತ್ತಿತ್ತು, ಮಾಯವಾಗುತ್ತಿತ್ತು. ಯಂತ್ರ ಆರ್ವಿಯ ದನಿಯಲ್ಲಿ ಅರ್ಥವಿಲ್ಲದ ಚೂರುಗಳನ್ನು ಉಗುಳಿತು. ಕಣ್ಣಿನ ಅಳತೆ ಮತ್ತೆ ತೆಗೆಯಬೇಕೆಂದು ಕೇಳಿತು. ತೆಗೆದರೆ ಆಗಲಿಲ್ಲ ಎಂದಿತು.

ಕೆಮ್ಮು ಇಳಿದ ಲಯನೆಲ್ ಮೂಗಿಗೆ ಮಾಸ್ಕ್ ಬಿಗಿದುಕೊಂಡು ಬಂದ. “ಇನ್ನೂ ಯಾವುದೋ ಕಾವಲಿನವನು ಕಾಲು ಅಡ್ಡ ಇಡ್ತಿದಾನೆ. ಅರ್ಧ ಬಿಟ್ಟು ಅರ್ಧ ತಡೀತಿದಾನೆ,” ಎಂದ. ಲಾಗ್ ತೆರೆದು ಮೇಲಿಂದ ಕೆಳಗೆ ಓದಿದ. ನಿಯಮಗಳನ್ನು ಸಡಿಲಿಸಬೇಕು ಎಂದ. ಆರ್ವಿ ಕಣ್ಣು ಮೇಲೆತ್ತಿ ಒಪ್ಪಿದ. ಗೂಡಿನ ಬಾಗಿಲನ್ನು ಪೂರ್ತಿ ತೆರೆದಿಡಲಾ ಎಂದ. ಒಪ್ಪಿದ. ಚುಚ್ಚಿದ್ದೆಲ್ಲ ಒಳಗೆ ಬರಲಿ, ಆ ಕಾವಲನ್ನೇ ತೆಗೆದುಬಿಡಲಾ ಎಂದ. ಅದಕ್ಕೂ ಆರ್ವಿ ಒಪ್ಪಿದ.

ಲಯನೆಲ್ ಕೀಲಿಮಣೆಯಿಂದ ಕೈ ತೆಗೆದು ಗೆಳೆಯನನ್ನು ನೋಡಿದ. “ಬೇಡ ಅನ್ನೋ ಒಂದ್ಸಲ,” ಎಂದ. “ನಿನ್ನ ಜನ್ಮದಲ್ಲಿ ನನ್ನ ಮಾತಿಗೆ ಹೂಂ ಅಂದಿಲ್ಲ ನೀನು.”

ಆರ್ವಿ ರೆಪ್ಪೆ ಮುಚ್ಚಲಿಲ್ಲ. ಲಯನೆಲ್ ಒಂದೊಂದಾಗಿ ಎಲ್ಲವನ್ನೂ ತೆಗೆದ. ಈಗ ಆ ಕಂಪ್ಯೂಟರಿಗೆ ಯಾವ ಬೀಗವೂ ಇರಲಿಲ್ಲ. ಚುಕ್ಕೆ ಮಾತ್ರ ಮೊದಲಿನಂತೆಯೇ ಹಾರಾಡುತ್ತಿತ್ತು. ಲಾಗ್ ನೋಡಿದ. ಎಲ್ಲಿಯೂ ಒಂದು ನಿರಾಕರಣೆಯಿಲ್ಲ. ಕೇಳಿದ್ದಕ್ಕೆಲ್ಲ ಒಪ್ಪಿಗೆ ಸಿಕ್ಕಿತ್ತು.

“ಮತ್ತೆ ಯಾಕೆ ಆಗ್ತಿಲ್ಲ? ಇನ್ನೊಂದು ಸಲ ನೋಡು, ಕೆಳಗೆ ಎಲ್ಲೋ ಇರುತ್ತೆ,” ಎಂದಳು ಡೋರೀನ್.

ಲಯನೆಲ್ ಲಾಗನ್ನು ಮತ್ತೆ ಮೇಲಕ್ಕೆ ಎಳೆದ, ಮತ್ತೆ ಕೆಳಕ್ಕೆ. ಅವನು ಓದುತ್ತಿಲ್ಲವೆಂದು ಅವಳಿಗೆ ಗೊತ್ತಾಯಿತು. ಆರ್ವಿ ಹಲಗೆಯ ಕಡೆ ನೋಡುತ್ತಿದ್ದ. ಅವಳು ಎತ್ತಿ ಹಿಡಿದಳು. ಒಂದೊಂದು ಅಕ್ಷರಕ್ಕೂ ಈಗ ಮೊದಲಿಗಿಂತ ಹೆಚ್ಚು ಹೊತ್ತು ಬೇಕಾಗುತ್ತಿತ್ತು. ಎಡಗಣ್ಣಿನ ರೆಪ್ಪೆ ಅರ್ಧಕ್ಕೆ ಇಳಿದು ಅಲ್ಲೇ ನಿಲ್ಲುತ್ತಿತ್ತು. ಅದನ್ನು ಅವಳು ದಿನವೂ ನೋಡಿದ್ದಳು, ಸುಸ್ತು ಎಂದುಕೊಂಡಿದ್ದಳು.

ಕೂಡಿದ ಮಾತು: ಯಂತ್ರ ಅಲ್ಲ. ಕಣ್ಣು.

ಲಯನೆಲ್ ಎದ್ದು ಹೋಗಿ ಅಡುಗೆಮನೆಯ ಕಿಟಕಿಯ ಬಳಿ ನಿಂತ. ಹೊರಡುವಾಗ, ಹೆಬ್ಬಾಗಿಲ ಬಳಿ ಬೂಟಿನ ದಾರ ಕಟ್ಟುತ್ತ, ತಲೆ ಎತ್ತದೆ, “ಮೊದಲೇ ಎಲ್ಲ ಅಳಿಸಿ ಹಾಕಿದ್ರೆ ಮಾತಾಡೋಕೆ ಒಂದಿಷ್ಟು ದಿನ ಸಿಕ್ತಿತ್ತು ಡೋರೀನ್. ನಾನು ಹಟ ಹಿಡೀಬೇಕಿತ್ತು,” ಎಂದ.

“ಅವನ ಎದುರು ನಿನ್ನ ಹಟ ಎಷ್ಟರದು, ಹೋಗು,” ಎಂದಳು ಅವಳು. ಅವನ ತಪ್ಪಿಲ್ಲ ಎಂದು ಹೇಳುವ ಮನಸ್ಸಿತ್ತು. ಬಾಯಿಗೆ ಅಷ್ಟೇ ಬಂತು.

ಮಾರ್ಗೋ ಬಂದು ಟಾರ್ಚ್ ಹಿಡಿದು ನೋಡಿದಳು. ರೆಪ್ಪೆಯನ್ನು ಎತ್ತಿ ಹಿಡಿಯುವ ಸ್ನಾಯುಗಳು ಹೋಗುತ್ತಿವೆ, ಎಲ್ಲರಿಗೂ ಹೀಗಾಗುವುದಿಲ್ಲ, ಕೆಲವರಿಗೆ ಆಗುತ್ತದೆ ಎಂದಳು. ಎರವಲು ಯಂತ್ರಕ್ಕೆ ಸರದಿಯಲ್ಲಿ ಹೆಸರು ಮೇಲೆ ಬಂದಿತ್ತು. ಇನ್ನು ಅದರಿಂದ ಉಪಯೋಗವಿಲ್ಲ ಎಂದೂ ಅವಳೇ ಹೇಳಬೇಕಾಯಿತು. ಹೌದು-ಅಲ್ಲಗಳನ್ನು ಇಟ್ಟುಕೊಳ್ಳಿ, ಅವು ಇರುವಷ್ಟು ದಿನ ಇರುತ್ತವೆ ಎಂದಳು.

ಆ ವಾರ ಡೋರೀನ್ ಗಂಡನ ಮೇಲೆ ಕೋಪ ಮಾಡಿಕೊಂಡಳು. ಅವನಿಗೆ ಮೈ ಒರೆಸುವಾಗ, ಹೊರಳಿಸುವಾಗ, ಕಫ ಎಳೆಯುವಾಗ ಕೈ ಮೃದುವಾಗಿಯೇ ಇತ್ತು, ಬಾಯಿ ಮಾತ್ರ ಹೊಲಿದಂತಿತ್ತು. ಆ ಕೊನೆಯ ಒಳ್ಳೆಯ ನೋಟಗಳನ್ನೆಲ್ಲ ಅವನು ಓರೆಗೆರೆಗೂ ಅಡ್ಡಗೆರೆಗೂ ಸುರಿದಿದ್ದ. ಅವಳೂ ಕೂತು ಹಿಡಿದುಕೊಂಡಿದ್ದಳು. ಒಬ್ಬರಿಗೂ ಇನ್ನೊಬ್ಬರ ಹೆಸರು ಹೇಳಿಕೊಳ್ಳುವಷ್ಟು ಹೊತ್ತು ಮಿಗಿಸದೆ.

ಒಂದು ಮಧ್ಯಾಹ್ನ, ಅವನು ಎಚ್ಚರವಾಗಿದ್ದಾಗಲೇ, ಅವಳು ಕಂಪ್ಯೂಟರಿನ ಮುಂದೆ ಕೂತು ಮಾತಿನ ಪ್ರೋಗ್ರಾಂ ತೆರೆದಳು. ಕೀಲಿಮಣೆಯಲ್ಲಿ ತನ್ನ ಹೆಸರು ಒತ್ತಿದಳು. ಯಂತ್ರ ಆರ್ವಿಯ ದನಿಯಲ್ಲಿ ಅವಳನ್ನು ಕರೆಯಿತು. ಮುಂದೆ ಇನ್ನೊಂದು ಸಾಲು ಒತ್ತಿದಳು, ಅವನು ಬಾಯಿಬಿಟ್ಟು ಎಂದೂ ಹೇಳದಿದ್ದದ್ದು. ಯಂತ್ರ ಅದನ್ನೂ ಹೇಳಿತು, ಗೋಧಿ ಕಣಜದ ಕತೆ ಹೇಳುವಾಗಿನ ಅದೇ ಗೊಗ್ಗರು ದನಿಯಲ್ಲಿ. ತಿರುಗಿ ನೋಡಿದಳು. ಆರ್ವಿ ರೆಪ್ಪೆ ಮುಚ್ಚಿಕೊಂಡಿದ್ದ. ಅಲ್ಲ ಎಂದನೋ ಸುಸ್ತೋ ಹೇಳುವಂತಿರಲಿಲ್ಲ. ಅವಳು ಅಲ್ಲ ಎಂದೇ ತೆಗೆದುಕೊಂಡಳು. ಪ್ರೋಗ್ರಾಂ ಮುಚ್ಚಿ, “ತಪ್ಪಾಯ್ತು, ಇನ್ನು ಮಾಡಲ್ಲ,” ಎಂದಳು.

ಅವನ ಪಕ್ಕದಲ್ಲಿ ಮಂಚದ ಮೇಲೆ ಕೂತು, ಅವನ ಹಗುರವಾದ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕೇಳಿದಳು: “ಅಷ್ಟು ದಿನ ಬರೀ ಕಮ್ಯಾಂಡ್ ಹೇಳಿಸ್ಕೊಂಡ್ನಲ್ಲ. ನನಗೆ ಹೇಳಬೇಕು ಅಂತ ಏನಾದ್ರೂ ಇತ್ತಾ ನಿನಗೆ?”

ಅವನ ಕಣ್ಣು ಮೇಲಕ್ಕೆ ಹೋಯಿತು. ಕಷ್ಟಪಟ್ಟು, ನಡುಗುತ್ತ, ಆದರೆ ನಿಸ್ಸಂಶಯವಾಗಿ.

ಅವಳು ಹಲಗೆ ಎತ್ತಿದಳು. ಸಾಲಿನ ಮೇಲೆ ಬೆರಳಿಟ್ಟಳು. ಅವನ ನೋಟ ಹಲಗೆ ದಾಟಿ ಎಲ್ಲೋ ಜಾರಿತು, ಮರಳಲು ನೋಡಿತು, ಮತ್ತೆ ಜಾರಿತು. ಹಲಗೆ ಕೆಳಗಿಟ್ಟಳು.

“ಸರಿ, ನಾನೇ ಕೇಳ್ತೀನಿ. ನನ್ನ ವಿಷಯಾನಾ?”

ಕಣ್ಣು ಅಲುಗಿತು. ಮೇಲೋ ಕೆಳಗೋ ತಿಳಿಯಲಿಲ್ಲ.

“ಮನೆ ವಿಷಯ? ಮನೆ ಬಿಸಿ ಮಾಡೋ ಫರ್ನೇಸು? ಆ ಲಯನೆಲ್‌ಗೆ ಏನಾದ್ರೂ ಕೊಡಬೇಕಾ?”

ರೆಪ್ಪೆ ಇಳಿದಿತ್ತು.

“ನಿನ್ನ ಅಮ್ಮನ ಪಕ್ಕ ಮಣ್ಣು ಮಾಡಬೇಕಾ? ಅದು ಗೊತ್ತಿದೆ ನನಗೆ, ಜಾಗ ಇದೆ. ಆಸ್ಪತ್ರೆಗೆ ಹಾಕಬೇಡ ಅಂತಾನಾ? ಹಾಕಲ್ಲ. ಕೋಪ ಇದೆಯಾ ನನ್ಮೇಲೆ? ಆ ವೈರು ನಾನು ನೋಡ್ಲಿಲ್ಲ ಕಣೋ. ನಿನ್ನ ತಲೆ ವಾಲ್ತಿತ್ತು.”

ಅವನ ರೆಪ್ಪೆಗಳು ಮುಚ್ಚಿಯೇ ಇದ್ದವು. ಅವಳು ಒಂದು ರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಎತ್ತಿ ಹಿಡಿದಳು. ಕಣ್ಣು ಅವಳನ್ನೇ ನೋಡುತ್ತಿತ್ತು, ಪೂರ್ತಿ ಎಚ್ಚರದಿಂದ. ಬೆರಳು ತೆಗೆದೊಡನೆ ರೆಪ್ಪೆ ಮತ್ತೆ ಇಳಿಯಿತು.

ಮುಂದಿನ ದಿನಗಳಲ್ಲೂ ಕೇಳಿದಳು, ಬೇರೆ ಬೇರೆ ರೀತಿಯಲ್ಲಿ, ಹಳೆಯ ಪ್ರವಾಸಗಳನ್ನು ನೆನೆದು, ಸತ್ತವರ ಹೆಸರು ಹಿಡಿದು. ಒಂದಕ್ಕೂ ಕಣ್ಣು ಸ್ಪಷ್ಟವಾಗಿ ಮೇಲೇಳಲಿಲ್ಲ. ಸರೋವರದ ಮಂಜುಗಡ್ಡೆ ಒಡೆದು ಮೊದಲ ಹಡಗು ಬಂದ ವಾರದಲ್ಲಿ ಆರ್ವಿ ಮನೆಯಲ್ಲೇ ತೀರಿಕೊಂಡ. ಹೇಳಬೇಕಾದದ್ದು ಒಂದಿತ್ತು ಎಂಬುದಷ್ಟೇ ಡೋರೀನ್‌ಗೆ ಗೊತ್ತು.